ಹಳೇ ಮೈಸೂರು ರಸ್ತೆಯಲ್ಲಿ ಸೈಕಲ್ಲಿಗೂ ಪಾಲಿರಲಿ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ನಡುವಿನ ಆರು ಪಥಗಳಿಗೆ ಬೈಕ್, ಆಟೊ, ಟ್ರ್ಯಾಕ್ಟರ್, ಸೈಕಲ್ ಯಾವುದೂ ಹತ್ತುವಂತಿಲ್ಲ. ಆ ವರ್ಷ ಈ ರಸ್ತೆಯ ಅಪಘಾತದ ಸುದ್ದಿಗಳನ್ನು ಓದಿದವರಾರೂ ನಿಷೇಧವನ್ನು ತಪ್ಪೆನ್ನಲಾರರು. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಓಡುವ ಕಾರಿನ ಮಗ್ಗುಲಲ್ಲಿ ಹದಿನೈದು ಕಿ.ಮೀ. ವೇಗದ ಸೈಕಲ್ ಇರಬಾರದು, ಸರಿ. ಅಲ್ಲಿಂದ ಇಳಿಸಿದ ಸೈಕಲ್ ಎಲ್ಲಿ ಹೋಗಬೇಕು? ಸರ್ವಿಸ್ ರಸ್ತೆಗೆ ಹೋಗಲಿ ಎಂದಷ್ಟೇ ಹೇಳಿ ಸರ್ಕಾರ ಕೈತೊಳೆದುಕೊಂಡಿತು.

ಆ ಸರ್ವಿಸ್ ರಸ್ತೆಯಲ್ಲಿ ಈಗ ಎಲ್ಲರೂ ಇದ್ದಾರೆ. ಊರೂರಿಗೆ ನಿಲ್ಲುವ ಬಸ್ಸು, ಜಲ್ಲಿ ತುಂಬಿದ ಟಿಪ್ಪರ್, ಟೋಲ್ ಉಳಿಸಲು ಇಳಿದ ಕಾರು, ಎದುರಿನಿಂದ ರಾಂಗ್ ಸೈಡಿನಲ್ಲಿ ನುಗ್ಗುವ ಬೈಕ್. ಇಷ್ಟರ ನಡುವೆ, ಕ್ಯಾರಿಯರ್‌ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೊರಟ ರೈತನಿಗೂ, ಬೆನ್ನಿಗೆ ಬ್ಯಾಗು ಹಾಕಿಕೊಂಡ ಹೈಸ್ಕೂಲು ಹುಡುಗಿಗೂ ಉಳಿದಿರುವುದು ಡಾಂಬರಿನ ಅಂಚಿನ ಒಂದೂವರೆ ಅಡಿ ಮಾತ್ರ. ಅದೂ ಮರಳು, ಜಲ್ಲಿಪುಡಿ ತುಂಬಿದ ಅಂಚು. ಮುಂದಿನ ಚಕ್ರ ಅದರ ಮೇಲೆ ಹೋದಾಗ ಬ್ರೇಕ್ ಹಿಡಿದರೆ ಸೈಕಲ್ ಜಾರುತ್ತದೆ. ಹಿಡಿಯದಿದ್ದರೆ ಎದುರಿನ ಬೈಕು.

ಮಾಗಡಿ, ಕನಕಪುರದ ಒಳರಸ್ತೆಗಳ ಅಪಾಯ ಬೇರೆ ಬಗೆಯದು. ಸುಗ್ಗಿಯ ಕಾಲದಲ್ಲಿ ಹುರುಳಿ, ರಾಗಿಯನ್ನು ರಸ್ತೆಗೇ ಹರಡಿ, ವಾಹನಗಳ ಚಕ್ರಕ್ಕೆ ಕೊಟ್ಟು ಕಾಳು ಉದುರಿಸುವುದು ರೂಢಿ. ಕಣ ಮಾಡಲು ಜಾಗವಿಲ್ಲದ, ಆಳು ಸಿಗದ ರೈತನ ಕಷ್ಟ ಅರ್ಥವಾಗುವಂಥದ್ದೇ. ಆದರೆ ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಸವಾರ ನೆಲ ಕಚ್ಚುತ್ತಾನೆ. ಸಾತನೂರು, ಕಬ್ಬಾಳು ಕಡೆಯ ರಸ್ತೆಗಳಲ್ಲಿ ನಸುಕಿನ ಹೊತ್ತು ಆನೆಯ ಭಯವೂ ಉಂಟು. ಎಂಜಿನ್ನಿನ ಸದ್ದಿಲ್ಲದೆ ಸಾಗುವವನು ಬರುತ್ತಿರುವುದು ಆನೆಗೂ, ಆನೆ ಹತ್ತಿರವಿರುವುದು ಅವನಿಗೂ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಇಷ್ಟೆಲ್ಲ ಇದ್ದರೂ ಸೈಕಲ್ ತುಳಿಯಿರಿ ಎಂದು ಹೇಳಬಹುದೇ? ಖಂಡಿತ ಹೇಳಬಹುದು. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ವಿವರ ಇಟ್ಟುಕೊಂಡು ಗ್ಲಾಸ್ಗೊ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರು ಅಧ್ಯಯನದ ಅವಧಿಯಲ್ಲಿ ಸಾಯುವ ಸಾಧ್ಯತೆ, ಕಾರು–ಬಸ್ಸಿನಲ್ಲಿ ಹೋಗುವವರಿಗಿಂತ ಶೇ 41ರಷ್ಟು ಕಡಿಮೆ ಇತ್ತು. ಸಕ್ಕರೆ ಕಾಯಿಲೆ, ಬಿ.ಪಿ. ಹಳ್ಳಿಹಳ್ಳಿಗೂ ಬಂದಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅದಕ್ಕಿಂತ ದೊಡ್ಡ ಲಾಭ ಹೆಣ್ಣುಮಕ್ಕಳದು. ಬಿಹಾರದಲ್ಲಿ 2006ರಲ್ಲಿ ಶುರುವಾದ ಸೈಕಲ್ ಯೋಜನೆಯಿಂದ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿದ್ದನ್ನು ಅರ್ಥಶಾಸ್ತ್ರಜ್ಞರು ಅಳೆದು ತೋರಿಸಿದ್ದಾರೆ. ಕರ್ನಾಟಕವೂ ಹಿಂದೆ ಬಿದ್ದಿರಲಿಲ್ಲ. 2006–07ರಲ್ಲೇ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಕೋವಿಡ್ ಬಂದ ಮೇಲೆ ಆ ಯೋಜನೆ ನಿಂತಿತು. ಶಕ್ತಿ ಯೋಜನೆಯ ಉಚಿತ ಬಸ್ಸು ಇದೆಯಲ್ಲ ಎನ್ನುವವರಿದ್ದಾರೆ. ಬಸ್ಸು ಬರುವ ಹೊತ್ತಿಗೂ ಶಾಲೆಯ ಗಂಟೆಗೂ ತಾಳಮೇಳವಿಲ್ಲದ ಊರುಗಳಲ್ಲಿ, ಬಸ್ಸೇ ಬಾರದ ಊರುಗಳಲ್ಲಿ, ಟಿಕೆಟ್ ಉಚಿತವಾದರೇನು? ಅಂದು ಸೈಕಲ್ ಕೊಟ್ಟ ಸರ್ಕಾರ ಅದನ್ನು ತುಳಿಯಲು ರಸ್ತೆಯ ಒಂದು ಮೊಳ ಜಾಗವನ್ನೂ ಗುರುತಿಸಿ ಕೊಡಲಿಲ್ಲ ಎಂಬುದೂ ಅಷ್ಟೇ ನಿಜ.

ಈ ಸೀಮೆಯ ರಸ್ತೆಗಳಿಗೆ ಬರುವ ಇನ್ನೊಂದು ಬಗೆಯ ಸವಾರರಿದ್ದಾರೆ. ಭಾನುವಾರ ಬೆಳಕು ಹರಿಯುವ ಮೊದಲೇ ಬೆಂಗಳೂರು ಬಿಟ್ಟು ಸಾವನದುರ್ಗ, ಮಂಚನಬೆಲೆ, ಕನಕಪುರದ ಕಡೆ ಗುಂಪುಗುಂಪಾಗಿ ಸಾಗುವವರು. ಹೆಲ್ಮೆಟ್, ಹಿಂದೆ ಮಿನುಗುವ ಕೆಂಪು ದೀಪ, ಲಕ್ಷ ಬೆಲೆಯ ಸೈಕಲ್. ರೇಸಿಗೆ ಅಭ್ಯಾಸ ಮಾಡುವವರು ಇವರಲ್ಲಿದ್ದಾರೆ. 200ರಿಂದ 600 ಕಿ.ಮೀ. ದೂರವನ್ನು ಗೊತ್ತಾದ ಅವಧಿಯೊಳಗೆ ಮುಗಿಸುವ ಬ್ರೆವೆ ಸವಾರರೂ ಇದ್ದಾರೆ. ಬ್ರೆವೆಯಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆಯ ಗಡುವು. ಗೆದ್ದವರು ಸೋತವರು ಎಂಬುದಿಲ್ಲ, ರಾತ್ರಿ ಸವಾರಿಗೆ ದೀಪ ಮತ್ತು ಹೊಳೆಯುವ ಜಾಕೆಟ್ ಇಲ್ಲದೆ ಬಿಡುವುದೂ ಇಲ್ಲ. ಹಗ್ಗದಿಂದ ಬಿಗಿದ ಹಾಲಿನ ಕ್ಯಾನಿನ ಸೈಕಲ್ಲಿಗೆ ಈ ಶಿಸ್ತಿನಲ್ಲಿ ಒಂದು ಪಾಠವಿದೆ: ಇನ್ನೂರು ರೂಪಾಯಿಯ ಹಿಂಬದಿ ದೀಪ ಜೀವ ಉಳಿಸಬಲ್ಲದು.

ರೇಸಿನ ಅಪಾಯವನ್ನು ಯಾರೂ ಮುಚ್ಚಿಡಬೇಕಿಲ್ಲ. 2003ರ ಮಾರ್ಚಿನಲ್ಲಿ ಪ್ಯಾರಿಸ್–ನೀಸ್ ರೇಸಿನಲ್ಲಿ ಬಿದ್ದು ಕಜಕಸ್ತಾನದ ಆಂದ್ರೇ ಕಿವಿಲೆವ್ ತೀರಿಕೊಂಡ ಮೇಲೆಯೇ ವೃತ್ತಿಪರ ರೇಸುಗಳಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು. ಹೆಲ್ಮೆಟ್ ಇದ್ದೂ 2023ರ ಜೂನಿನಲ್ಲಿ ಸ್ವಿಟ್ಜರ್‌ಲೆಂಡಿನ ಜೀನೊ ಮೇಡರ್ ಘಾಟಿ ಇಳಿಜಾರಿನಲ್ಲಿ ಕಂದಕಕ್ಕೆ ಬಿದ್ದು ಪ್ರಾಣ ಬಿಟ್ಟರು. ಅಂಥ ರೇಸುಗಳಲ್ಲಿ ರಸ್ತೆ ಮುಚ್ಚಿರುತ್ತದೆ, ಹಿಂದೆಯೇ ವೈದ್ಯರು ಇರುತ್ತಾರೆ. ನಮ್ಮಲ್ಲಿ ಹುಡುಗರು ರೇಸಿನ ವೇಗವನ್ನು ಅಭ್ಯಾಸ ಮಾಡುವುದು ಲಾರಿ ಓಡಾಡುವ ರಸ್ತೆಯಲ್ಲಿ. ವಿಜಯಪುರ, ಬಾಗಲಕೋಟೆಯ ರೈತರ ಮಕ್ಕಳು ಕ್ರೀಡಾ ಹಾಸ್ಟೆಲುಗಳಲ್ಲಿ ಇದ್ದು ತರಬೇತಿ ಪಡೆದು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಏರಿಳಿತದ ರಸ್ತೆ, ತಂಪು ಹವೆ ಎರಡೂ ಇರುವ ರಾಮನಗರ ಸೀಮೆಯ ಮಕ್ಕಳು ಬೆಂಗಳೂರಿನವರ ಸೈಕಲ್ಲುಗಳನ್ನು ರಸ್ತೆ ಬದಿ ನಿಂತು ನೋಡುವುದರಲ್ಲೇ ಉಳಿಯಬೇಕಿಲ್ಲ.

ಜಾಗ ಎಲ್ಲಿದೆ ಎಂದು ಕೇಳುವವರು ರಾಮನಗರದಿಂದ ಚನ್ನಪಟ್ಟಣಕ್ಕೆ ಹಳೇ ರಸ್ತೆಯಲ್ಲಿ ಒಮ್ಮೆ ಹೋಗಿ ಬರಲಿ. ರಾಜ್ಯ ಹೆದ್ದಾರಿ 17 ಆಗಿದ್ದ ಕಾಲದಲ್ಲೇ ನಾಲ್ಕು ಪಥವಾದ, ನಡುವೆ ಡಿವೈಡರ್ ಇರುವ ರಸ್ತೆ ಅದು. ಬೈಪಾಸ್ ಆದ ಮೇಲೆ ಮೈಸೂರಿಗೆ ಹೋಗುವ ವಾಹನಗಳಲ್ಲಿ ಹೆಚ್ಚಿನವು ಅತ್ತ ತಿರುಗಿವೆ. ಅದೇ ಕಾರಣಕ್ಕೆ ಚನ್ನಪಟ್ಟಣದ ಬೊಂಬೆ ಅಂಗಡಿಗಳವರು ವ್ಯಾಪಾರ ಬಿದ್ದುಹೋಯಿತೆಂದು ನೊಂದಿದ್ದಾರೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇರುವುದೂ, ಕೆಂಗಲ್ ಆಂಜನೇಯನ ಗುಡಿ ಇರುವುದೂ ಇದೇ ರಸ್ತೆಯಲ್ಲಿ. ಎರಡೂ ಬದಿ ಎಡಗಡೆಯ ಪಥದಲ್ಲಿ ಅರ್ಧವನ್ನು ಬಣ್ಣ ಬಳಿದು ಬಿಟ್ಟರೆ ಸಾಲದು, ಬಣ್ಣದ ಮೇಲೆ ಆಟೊ ನಿಲ್ಲುತ್ತದೆ. ಕಾಂಕ್ರೀಟಿನ ತಡೆ ಕಟ್ಟಿ ಸೈಕಲ್ಲಿಗೆ ಮೀಸಲಿಡಬೇಕು. ಭೂಸ್ವಾಧೀನ ಬೇಕಿಲ್ಲ, ಪರಿಹಾರದ ತಕರಾರಿಲ್ಲ.

ನೆದರ್‌ಲೆಂಡ್ಸ್ ಎಂದರೆ ಹುಟ್ಟಾ ಸೈಕಲ್ ನಾಡು ಎಂದು ಇಲ್ಲಿ ಹಲವರ ನಂಬಿಕೆ. ಆದರೆ 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಬೀದಿಗಿಳಿದು ಕೂತ ಮೇಲೆ ಅಲ್ಲಿನ ಸೈಕಲ್ ದಾರಿಗಳು ಬೆಳೆದವು.

ಇಲ್ಲಿ ಶುರುಮಾಡಲು ರಾಮನಗರ–ಚನ್ನಪಟ್ಟಣ ನಡುವಿನ ಆ ಹನ್ನೆರಡು ಕಿ.ಮೀ. ಆಸುಪಾಸಿನ ಹಳೇ ರಸ್ತೆ ಸಾಕು. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಆರರಿಂದ ಎಂಟರವರೆಗೆ ಒಂದು ಬದಿಯನ್ನು ಪೊಲೀಸರು ಮುಚ್ಚಿಕೊಟ್ಟರೆ ಸರ್ಕಾರಿ ಶಾಲೆಯ ಮಕ್ಕಳಿಗೂ ರೇಸ್ ನಡೆಸಬಹುದು. ಸುಗ್ಗಿಗೆ ಮೊದಲೇ ಗ್ರಾಮ ಪಂಚಾಯಿತಿಗಳು ಸಾಮೂಹಿಕ ಕಣ ಕಟ್ಟಿಕೊಡಲಿ. ಸರ್ವಿಸ್ ರಸ್ತೆಯ ರಾಂಗ್ ಸೈಡಿಗೂ, ಹೆದ್ದಾರಿಯ ವೇಗಕ್ಕೆ ಇಟ್ಟಂತೆಯೇ, ಕ್ಯಾಮೆರಾ ಇಡಲಿ. ಎಂಟನೇ ತರಗತಿಯ ಸೈಕಲ್ ಮುಂದಿನ ಬಜೆಟ್ಟಿನಲ್ಲೇ ಮರಳಿ ಬರಲಿ, ಈ ಸಲ ಹಿಂಬದಿ ದೀಪ ಮತ್ತು ಹೆಲ್ಮೆಟ್ ಸಮೇತ.