ಕಿಡ್ನಿ ಹಾಕ್ಸಿದ್ಮೇಲೂ ಆ ಕ್ಯಾಲ್ಸಿಯಂ ಡಬ್ಬ ಯಾಕೆ?

ನನ್ ತಮ್ಮನಿಗೆ ಅಕ್ಕನೇ ಕಿಡ್ನಿ ಕೊಟ್ಟಿದ್ದು. ಬೆಂಗಳೂರಿಂದ ಎಮ್ಮೆದೊಡ್ಡಿಗೆ ವಾಪಸ್ ಬಂದ ದಿನ ಮನೆಯೆಲ್ಲ ಹಬ್ಬ. ಆದ್ರೆ ಗೂಡಿನಾಗಿದ್ದ ಕ್ಯಾಲ್ಸಿಯಂ ಮಾತ್ರೆ ಡಬ್ಬ ಮಾತ್ರ ಯಾರ ಕಣ್ಣಿಗೂ ಬೀಳ್ಲಿಲ್ಲ. ಡಯಾಲಿಸಿಸ್ ಕಾಲದಿಂದ ಕೊಡ್ತಿದ್ದ ಹಾಗೇ ಅವ್ವ ಊಟದ ಜೊತೆ ಒಂದೊಂದು ಕೊಡ್ತಾನೇ ಇದ್ಲು. "ಮೂಳೆ ಗಟ್ಟಿಯಾಗ್ಲಿ" ಅಂತ.

ಐದನೇ ತಿಂಗಳಿಗೆ ಹುಡುಗ ಮಂಕಾದ. ಮಲಬದ್ಧತೆ, ಬಾಯಾರಿಕೆ, ಊಟ ಸೇರಲ್ಲ, ರಾತ್ರಿ ನಾಕೈದು ಸಲ ಎದ್ದು ಹೋಗೋದು. ನಮ್ ಕಡೆ ಬಿಸಿಲಿಗೆ ಹಿಂಗೇ ಅಂದ್ಕೊಂಡ್ವಿ. ಪರೀಕ್ಷೆ ಮಾಡ್ಸಿದ್ರೆ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು, ಕ್ಯಾಲ್ಸಿಯಂ 11.6. ಇರಬೇಕಾದ್ದು ಸುಮಾರು 8.5ರಿಂದ 10.5ರೊಳಗೆ.

ಡಾಕ್ಟ್ರು ಹೇಳಿದ್ಮೇಲೆ ಗೊತ್ತಾಯ್ತು, ಆ ಮಾತ್ರೆ ಮೂಳೆಗೆ ಅಂತ ಕೊಟ್ಟಿದ್ದೇ ಅಲ್ಲ. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ರಂಜಕ ಏರುತ್ತೆ. ಊಟದಲ್ಲಿರೋ ರಂಜಕವನ್ನ ಹೊಟ್ಟೆಯಲ್ಲೇ ಹಿಡಿದಿಡೋಕೆ ಆ ಮಾತ್ರೆ. ಹೊಸ ಕಿಡ್ನಿ ಬಂದ್ಮೇಲೆ ರಂಜಕ ತಾನೇ ಇಳೀತದೆ, ಕೆಲವು ಸಲ ಅತೀ ಕಮ್ಮಿನೂ ಆಗ್ತದೆ.

ಹಂಗಂತ ತಪ್ಪೆಲ್ಲ ಡಬ್ಬದ್ದೂ ಅಲ್ಲ. ಕತ್ತಿನಾಗೆ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ನಾಕು ಗ್ರಂಥಿ ಇರ್ತಾವೆ, ಪ್ಯಾರಾಥೈರಾಯ್ಡ್ ಅಂತ. ವರ್ಷಗಟ್ಲೆ ಕ್ಯಾಲ್ಸಿಯಂ ಕಮ್ಮಿಯಾಗಿ ಅವು ದುಡಿದು ದುಡಿದು ದಪ್ಪ ಆಗಿರ್ತಾವೆ. ಬರಗಾಲದಾಗೆ ತೂಬು ಎತ್ತಿ ಅಭ್ಯಾಸ ಆದ ನೀರುಗಂಟಿ, ಮಡಗದ ಕೆರೆ ತುಂಬಿದ್ಮೇಲೂ ತೂಬು ಇಳಿಸ್ದೇ ಕೂತ್ರೆ ಏನಾಗ್ತದೆ? ಅದೇ ಇದು. ಮೂಳೆಯಿಂದ ಕ್ಯಾಲ್ಸಿಯಂ ಬಿಡ್ತಾನೇ ಇರ್ತಾವೆ. ಹೊಸ ಕಿಡ್ನಿ ವಿಟಮಿನ್ ಡಿಯನ್ನೂ ಚುರುಕು ಮಾಡೋದ್ರಿಂದ ಕರುಳೂ ಹೆಚ್ಚು ಎಳ್ಕೊಳ್ತದೆ. ಸುಮಾರು ಜನಕ್ಕೆ ವರ್ಷದೊಳಗೆ ತಾನೇ ತಗ್ಗುತ್ತೆ. ತಗ್ಗದಿದ್ರೆ ಸಿನಕಾಲ್ಸೆಟ್ ಮಾತ್ರೆ, ಇಲ್ಲಾಂದ್ರೆ ಗ್ರಂಥಿ ತೆಗೆಯೋ ಆಪರೇಷನ್. ಬಿಟ್ರೆ ಕಲ್ಲಾಗ್ಬಹುದು, ಅಕ್ಕ ಕೊಟ್ಟ ಕಿಡ್ನಿಗೇ ಪೆಟ್ಟು ಬೀಳ್ಬಹುದು.

ಇದು ತಿಳಿದ ಕೂಡ್ಲೇ ಓಣಿಯೋರೆಲ್ಲ "ರಾಗಿಮುದ್ದೆ ಬಿಡ್ಸು" ಅಂದ್ರು. ನೂರು ಗ್ರಾಂ ರಾಗೀಲಿ ಮುನ್ನೂರು ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಐತೆ, ದಿಟ. ಆದ್ರೆ ಹಿಡಿತ ತಪ್ಪಿರೋದು ಕತ್ತಿನಾಗೆ, ತಟ್ಟೆಯಾಗೆ ಅಲ್ಲ. ಮುದ್ದೆ ಎಷ್ಟು ಉಣ್ಬೇಕು ಅನ್ನೋದನ್ನೂ ಡಾಕ್ಟ್ರನ್ನೇ ಕೇಳಿ, ಓಣಿಯನ್ನಲ್ಲ. ಇನ್ನೊಂದು ಮಾತು: ಸ್ಟೀರಾಯ್ಡ್ ತಗೊಳ್ಳೋರಿಗೆ ಮೂಳೆ ಸವೆಯದಿರ್ಲಿ ಅಂತ ಡಾಕ್ಟ್ರೇ ಕ್ಯಾಲ್ಸಿಯಂ ಬರೆಯೋದೂ ಉಂಟು. ಅದನ್ನ ನೀವಾಗೇ ನಿಲ್ಲಿಸ್ಬೇಡಿ.

ನನ್ ವಾದ ಇಷ್ಟೇ. ಕಿಡ್ನಿ ಹಾಕ್ಸಿದ ಮನೇಲಿ ಎಲ್ರ ಬಾಯಲ್ಲೂ ಕ್ರಿಯಾಟಿನಿನ್ ಒಂದೇ. ಅದರ ಜೊತೆ ಕ್ಯಾಲ್ಸಿಯಂ, ರಂಜಕ ಎಷ್ಟಾಯ್ತು ಅಂತಾನೂ ಕೇಳ್ಬೇಕು. ಊರಿಗೆ ಕಳಿಸೋವಾಗ ಹೊಸ ಮಾತ್ರೆ ಪಟ್ಟಿ ಕೊಡ್ತಾರೆ. ಯಾವ ಹಳೇ ಮಾತ್ರೆ ನಿಲ್ಲಿಸ್ಬೇಕು ಅನ್ನೋ ಪಟ್ಟಿನೂ ಕನ್ನಡದಲ್ಲೇ ಕೊಡ್ಬೇಕು. ನಮಗದು ಸಿಗ್ಲಿಲ್ಲ. ನಾವೂ ಕೇಳ್ಲಿಲ್ಲ. ಅವ್ವನ ತಪ್ಪೇನೈತೆ? ಹೇಳಿದ್ದನ್ನ ಒಂದಿನ ತಪ್ಪಿಸ್ದೇ ಮಾಡಿದ್ಲು.

ಮಾತ್ರೆ ನಿಲ್ಸಿ, ನೀರು ಚೆನ್ನಾಗಿ ಕುಡ್ದು ತಮ್ಮನ ಕ್ಯಾಲ್ಸಿಯಂ ಈಗ 10.7ಕ್ಕೆ ಇಳಿದೈತೆ. ಡಯಾಲಿಸಿಸ್ ಕಾಲದಲ್ಲಿ ಲೋಟ ಅಳೆದು ಕುಡಿದೋನು, ಈಗ್ಲೂ ಚೊಂಬು ಎತ್ತೋಕೆ ಮುಂಚೆ ಅವ್ವನ ಮುಖ ನೋಡ್ತಾನೆ. ನಿಮ್ಮನೇಲೂ ಇಂಥೋರಿದ್ರೆ, ಇವತ್ತು ಗೂಡಿನಾಗಿರೋ ಡಬ್ಬಗಳನ್ನೆಲ್ಲ ಒಂದ್ಸಲ ಇಳಿಸಿ ನೋಡಿ.