ಕಂಬ ಎಲ್ಲಿ ಹೋಯಿತು?

ಈಚೆಗೆ ದಾವಣಗೆರೆಯಲ್ಲಿ ಏರ್ಪಟ್ಟಿದ್ದ ಒಂದು ಸಣ್ಣ ಛಾಯಾಚಿತ್ರ ಪ್ರದರ್ಶನಕ್ಕೆ ಹೋಗಿದ್ದೆ. ಹರಿಹರ ತಾಲೂಕಿನ ಭಾನುವಳ್ಳಿಯಿಂದ ಕಣ್ಣಿನ ಡಾಕ್ಟರನ್ನು ಕಾಣಲು ಬಂದಿದ್ದ ನಮ್ಮ ಹಿರಿಯ ನೆಂಟರೊಬ್ಬರೂ ಜೊತೆಗಿದ್ದರು. ಅಲ್ಲಿ ಎಲ್ಲರೂ ಗುಂಪುಗೂಡಿ ನೋಡುತ್ತಿದ್ದ ಚಿತ್ರವೊಂದಿತ್ತು. ಮಖಮಲ್ಲು ಹಾಸಿದಂಥ ಹಸಿರು ಗದ್ದೆ. ಅದರ ಮೇಲೆ ನೇರಳೆಯೂ ಕಿತ್ತಳೆಯೂ ಕಲೆತ ಆಕಾಶ. ಎಲ್ಲಿಯೂ ಒಂದು ಕಸವಿಲ್ಲ, ಕೊರತೆಯಿಲ್ಲ. ಕೆಳಗೆ ಅಂದವಾದ ಅಕ್ಷರಗಳಲ್ಲಿ ‘ಭಾನುವಳ್ಳಿಯ ಮುಂಜಾವು, ಏಪ್ರಿಲ್ 2024’ ಎಂದು ಬರೆದಿತ್ತು. ತೆಗೆದವನು ನಮ್ಮ ಪರಿಚಯದ ಮನೆಯ ಹುಡುಗ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ರಜೆ ಸಿಕ್ಕಿತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಊರೂರು ತಿರುಗುವ ಹವ್ಯಾಸ.

ಅಜ್ಜ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಚೆಂದ ಐತಿ ತಮ್ಮಾ. ಯಾವೂರಿದು?”

“ನಿಮ್ಮೂರೇ ಅಜ್ಜಾ. ಕೆಳಗೆ ಬರೆದೀನಲ್ಲ.”

“ನಮ್ಮೂರಾ? ಅಲ್ಲೊಂದು ಕರೆಂಟಿನ ಕಂಬ ಇತ್ತಲ್ಲ, ಅದೆಲ್ಲಿ ಹೋತು?”

“ತೆಗೆದೆ ಅಜ್ಜಾ. ಕಣ್ಣಿಗೆ ಅಡ್ಡ ಬರ್ತಿತ್ತು.”

“ಆತು. ಆ ಬ್ಯಾಸಿಗ್ಯಾಗ ಈ ಗದ್ದ್ಯಾಗ ಹಸರು ಎಲ್ಲಿತ್ತಪಾ? ದನಕ್ಕ ಹುಲ್ಲು ಕೊಂಡು ಹಾಕೀವಿ ನಾವು.”

ಹುಡುಗ ನಕ್ಕ; ಸುತ್ತಲಿದ್ದವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮನೆಗೆ ಬಂದ ಮೇಲೂ ಆ ಎರಡು ಪ್ರಶ್ನೆಗಳು ನನ್ನನ್ನು ಬಿಡಲಿಲ್ಲ. ಅವನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

2023–24ರ ಸಾಲಿನಲ್ಲಿ ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಸರಕಾರ ಬರಪೀಡಿತವೆಂದು ಸಾರಿತ್ತು. ಭದ್ರಾ ನಾಲೆಯ ನೀರಿಗಾಗಿ ರೈತರು ಬೀದಿಗಿಳಿದ ವರ್ಷವದು. ನೀರು ಬಂದ ವರ್ಷ ಏಪ್ರಿಲಿನಲ್ಲಿ ಈ ಸೀಮೆಯ ಗದ್ದೆಗಳಲ್ಲಿ ಬೇಸಿಗೆ ಭತ್ತ ಹಸಿರಾಗಿ ನಿಂತಿರುತ್ತದೆ. ಆದುದರಿಂದಲೇ ಆ ಚಿತ್ರದ ಸುಳ್ಳು ಹೆಚ್ಚು ಅಪಾಯದ್ದು. ಮರುಭೂಮಿಯಲ್ಲಿ ಹಿಮ ಬಿದ್ದಂತೆ ತೋರಿಸಿದ್ದರೆ ಮಕ್ಕಳೂ ನಂಬುತ್ತಿರಲಿಲ್ಲ. ಭಾನುವಳ್ಳಿಯ ಗದ್ದೆಗೆ ಏಪ್ರಿಲಿನ ಹಸಿರು ಬಳಿದರೆ ಯಾರೂ ಸಂಶಯಪಡುವುದಿಲ್ಲ. ಐವತ್ತು ವರ್ಷಗಳ ಮೇಲೆ ಆ ಚಿತ್ರ ಯಾರ ಕೈಗಾದರೂ ಸಿಕ್ಕಿದರೆ, ಆ ಬೇಸಿಗೆಯಲ್ಲಿ ಊರು ಸುಭಿಕ್ಷವಾಗಿತ್ತೆಂದು ಅವರು ತಿಳಿದಾರು.

ಪ್ರಕೃತಿಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಬಹುದೆ, ಇದ್ದಂತೆಯೇ ಬಿಡಬೇಕೆ ಎಂಬ ವಾದ ಹವ್ಯಾಸಿಗಳಲ್ಲಿ ಬಹುಕಾಲದಿಂದ ನಡೆದಿದೆ. ಒಂದು ಪಕ್ಷದವರು ಕೂದಲೆಳೆಯಷ್ಟೂ ಮುಟ್ಟಕೂಡದೆನ್ನುತ್ತಾರೆ. ಇನ್ನೊಂದು ಪಕ್ಷದವರು ಕಲೆಗೆ ಕಟ್ಟಳೆಯೆಲ್ಲಿಯದು ಎನ್ನುತ್ತಾರೆ. ಇಬ್ಬರೂ ಯಂತ್ರದ ವಿಷಯ ಮಾತನಾಡುತ್ತಿದ್ದಾರೆಯೇ ಹೊರತು ಚಿತ್ರದ ಕೆಳಗಿನ ಆ ಒಂದು ಸಾಲನ್ನು ಓದುತ್ತಿಲ್ಲ. ನನ್ನ ವಾದವೆಲ್ಲ ಆ ಸಾಲಿನ ಮೇಲೆ ನಿಂತಿದೆ. ಚಿತ್ರಕ್ಕೆ ಒಂದು ಊರಿನ ಹೆಸರನ್ನೂ ಒಂದು ದಿನವನ್ನೂ ಕೊಟ್ಟ ಮೇಲೆ ಅದು ಸಾಕ್ಷಿಯಾಯಿತು. ಸಾಕ್ಷಿಯಾದವನು ಗಂಟಲು ಸರಿಮಾಡಿಕೊಳ್ಳಬಹುದು, ಸ್ಪಷ್ಟವಾಗಿ ಮಾತನಾಡಬಹುದು. ಇಲ್ಲದ್ದನ್ನು ಸೇರಿಸುವ ಹಾಗಿಲ್ಲ, ಇದ್ದದ್ದನ್ನು ನುಂಗುವ ಹಾಗಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಮೊದಲನೆಯದು: “ಹಿಂದಿನವರೂ ಹೀಗೆಯೇ ಮಾಡಲಿಲ್ಲವೆ?” ಮಾಡಿದರು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲನ್ನು ಒಂದು ನೆಗೆಟಿವಿನಿಂದಲೂ ಮೋಡವನ್ನು ಇನ್ನೊಂದರಿಂದಲೂ ಮುದ್ರಿಸಿದ. ಆದರೆ ಅದಕ್ಕೊಂದು ಕಾರಣವಿತ್ತು. ಅಂದಿನ ಗಾಜಿನ ಫಲಕಗಳಿಗೆ ನೀಲಿ ಬಣ್ಣ ಬಹು ಬೇಗ ಹತ್ತುತ್ತಿತ್ತು. ನೆಲ ಮೂಡುವಷ್ಟರಲ್ಲಿ ಆಕಾಶ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತಿತ್ತು. ಕಣ್ಣು ಕಂಡ ಮೋಡವನ್ನು ಫಲಕ ಕಾಣಲಾರದೆ ಹೋದಾಗ ಅವನು ಆ ಕೊರತೆಯನ್ನು ತುಂಬಹೊರಟ. ಇಂದಿನ ಕ್ಯಾಮೆರಾಕ್ಕೆ ಆ ಕುರುಡಿಲ್ಲ. 2020ರಲ್ಲಿ ಫೋಟೋಶಾಪ್‌ನಲ್ಲಿ ಆಕಾಶವನ್ನೇ ಬದಲಿಸುವ ಗುಂಡಿಯೊಂದು ಬಂದಿತು. ಒತ್ತಿದರೆ ಎಲ್ಲಿಯದೋ ಮೋಡ ನಮ್ಮೂರಿನ ಮೇಲೆ ಬಂದು ಕೂರುತ್ತದೆ. ಕೊರತೆ ತುಂಬುವುದು ಬೇರೆ, ಆಕಾಶವನ್ನು ಎರವಲು ತರುವುದು ಬೇರೆ.

ಎರಡನೆಯ ಆಕ್ಷೇಪಣೆಗೆ ಅಮೆರಿಕದ ಆನ್ಸೆಲ್ ಆಡಮ್ಸ್ ಹೆಸರು ಬರುತ್ತದೆ. ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ ಅವನ ಚಿತ್ರ ಜಗತ್ಪ್ರಸಿದ್ಧ. ಕತ್ತಲೆಕೋಣೆಯಲ್ಲಿ ಆ ಆಕಾಶವನ್ನು ಅವನು ವರ್ಷದಿಂದ ವರ್ಷಕ್ಕೆ ಕಪ್ಪಾಗಿಸುತ್ತ ಬಂದನೆಂಬುದು ನಿಜ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಚಿತ್ರ ತೆಗೆದ ದಿನಾಂಕವನ್ನು ಆಡಮ್ಸ್ ಮರೆತಿದ್ದ. ದಶಕಗಳ ಮೇಲೆ ಖಗೋಳ ಬಲ್ಲವರು ಚಿತ್ರದಲ್ಲಿ ಚಂದ್ರನಿರುವ ಸ್ಥಾನವನ್ನಳೆದು, ಲೆಕ್ಕ ಹಾಕಿ, ಅದು 1941ರ ನವೆಂಬರ್ 1ರ ಸಂಜೆಯೆಂದು ತೀರ್ಮಾನಿಸಿದರು. ಬೇರೆ ಕಡೆಯ ಚಂದ್ರನನ್ನು ತಂದು ಅಂಟಿಸಿದ್ದರೆ ಈ ಲೆಕ್ಕ ಸಾಧ್ಯವಿತ್ತೆ? ಆಡಮ್ಸ್ ಬೆಳಕನ್ನು ಏರಿಳಿಸಿದ, ಚಂದ್ರನನ್ನು ಕದಲಿಸಲಿಲ್ಲ. ಇದೇ ಆಡಮ್ಸ್ 1944ರ ಲೋನ್ ಪೈನ್ ಚಿತ್ರದಲ್ಲಿ, ಆ ಊರಿನ ಶಾಲಾ ಮಕ್ಕಳು ಗುಡ್ಡದ ಮೇಲೆ ಸುಣ್ಣದ ಕಲ್ಲಿನಿಂದ ಬರೆದಿದ್ದ ಎರಡು ದೊಡ್ಡ ಅಕ್ಷರಗಳನ್ನು ಅಳಿಸಿಬಿಟ್ಟ. ದೊಡ್ಡವನು ಮಾಡಿದನೆಂದು ತಪ್ಪು ಒಪ್ಪಾಗುವುದಿಲ್ಲ. ಆ ಮಕ್ಕಳೂ ಆ ಊರಿನವರೇ.

“ಕ್ಯಾಮೆರಾವೇ ಸುಳ್ಳು ಹೇಳುತ್ತದೆ. ಎಲ್ಲಿ ನಿಲ್ಲಬೇಕು, ಏನನ್ನು ಚೌಕಟ್ಟಿನಿಂದ ಹೊರಗಿಡಬೇಕು ಎಂಬುದು ತೆಗೆಯುವವನ ಇಚ್ಛೆಯಲ್ಲವೆ?” ಎಂಬುದು ಮೂರನೆಯದು. ಹೌದು. ಕಂಬ ಬೇಡವೆಂದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಿ, ನನ್ನ ತಕರಾರಿಲ್ಲ. ಆಗ ನೀವು ಹೇಳುವುದು “ಇಲ್ಲಿ ನಿಂತರೆ ಇಷ್ಟು ಕಾಣುತ್ತದೆ” ಎಂದು, ಅದು ಸತ್ಯ. ಅಲ್ಲಿಯೇ ನಿಂತು ಕಂಬವನ್ನು ಒರೆಸಿದರೆ ನೀವು ಹೇಳುವುದು “ಇಲ್ಲಿ ಕಂಬವಿಲ್ಲ” ಎಂದು. ಮಾತನಾಡದಿರುವುದಕ್ಕೂ ಸುಳ್ಳು ಹೇಳುವುದಕ್ಕೂ ಇರುವ ಅಂತರವನ್ನು ನಮ್ಮ ಹಿರಿಯರು ಬಲ್ಲರು; ಕ್ಯಾಮೆರಾ ಹಿಡಿದವನಿಗೆ ಅದು ತಿಳಿಯದಿರಬಾರದು.

ಹಾಗಾದರೆ ಕನಸಿಗೆ ಜಾಗವೇ ಇಲ್ಲವೆ? ಇದೆ. ನಮ್ಮ ಚಿಕ್ಕಂದಿನಲ್ಲಿ ಪೇಟೆಯ ಸ್ಟುಡಿಯೋಗಳಲ್ಲಿ ಬಣ್ಣದ ಪರದೆಗಳಿರುತ್ತಿದ್ದುವು: ತಾಜಮಹಲು, ಹಂಸಗಳಿರುವ ಕೊಳ, ಮಹಡಿ ಮೆಟ್ಟಿಲು. ಹೊಸದಾಗಿ ಮದುವೆಯಾದವರು ಅದರ ಮುಂದೆ ಬಿಗುವಾಗಿ ನಿಲ್ಲುತ್ತಿದ್ದರು. ಪರದೆಯ ಕೆಳಗಿನ ಸುಕ್ಕು ಚಿತ್ರದಲ್ಲಿ ಕಾಣುತ್ತಿತ್ತು. ಅವರು ಆಗ್ರಾಕ್ಕೆ ಹೋಗಿಬಂದರೆಂದು ಯಾರೂ ಭ್ರಮೆಪಡುತ್ತಿರಲಿಲ್ಲ. ಆ ಸುಕ್ಕೇ ಆ ಚಿತ್ರದ ಪ್ರಾಮಾಣಿಕತೆ. ಇಂದಿನ ಪರದೆಗೆ ಸುಕ್ಕಿಲ್ಲ. ಸುಕ್ಕಿಲ್ಲದ ಮೇಲೆ, ಇದು ಪರದೆಯೆಂದು ಬಾಯಿಬಿಟ್ಟು ಹೇಳಬೇಕಾದ ಹೊಣೆ ತೆಗೆದವನ ಮೇಲೆ ಬೀಳುತ್ತದೆ.

“ಒಂದು ಚೆಂದದ ಚಿತ್ರದಿಂದ ಯಾರಿಗೆ ಕೇಡು?” ಎಂದು ಕೇಳುವವರಿಗೆ ಎರಡು ಸಂಗತಿ ನೆನಪಿಸುತ್ತೇನೆ. 1982ರ ಫೆಬ್ರವರಿಯ ತನ್ನ ಮುಖಪುಟಕ್ಕೆ ಹೊಂದಿಸುವುದಕ್ಕಾಗಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಗೀಜಾದ ಪಿರಮಿಡ್ಡುಗಳನ್ನು ಯಂತ್ರದಲ್ಲಿ ಹತ್ತಿರಕ್ಕೆ ಸರಿಸಿತು. ಸಾವಿರಾರು ವರ್ಷ ಅಲುಗದ ಕಲ್ಲು ಅಲುಗಿದ್ದು ಕಂಡು ಓದುಗರು ಸಿಟ್ಟಾದರು. ಅದರ ಅಪಕೀರ್ತಿ ಆ ಪತ್ರಿಕೆಯನ್ನು ಇಂದಿಗೂ ಬಿಟ್ಟಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ನೆರೆಯ ವೇಳೆ, ಕೇಂದ್ರ ಸರಕಾರದ ಪತ್ರಿಕಾ ಮಾಹಿತಿ ಕಾರ್ಯಾಲಯವು ಪ್ರಧಾನಿಯವರ ವೈಮಾನಿಕ ಸಮೀಕ್ಷೆಯ ಚಿತ್ರವೊಂದನ್ನು ಹೊರಡಿಸಿತು. ವಿಮಾನದ ಕಿಟಕಿಯೊಳಗೆ ಬೇರೆ ನೋಟವನ್ನು ಅಂಟಿಸಿದ್ದು ಬಯಲಾಗಿ, ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ನೆರೆ ನಿಜ, ಸಂಕಟ ನಿಜ. ಆದರೂ ಒಂದು ಅಂಟಿಸಿದ ಚಿತ್ರದಿಂದ ನಿಜವೇ ನಗೆಪಾಟಲಾಯಿತು. ನಾಳೆ ನಮ್ಮ ರೈತ ಒಣಗಿದ ಗದ್ದೆಯ ಚಿತ್ರ ಹಿಡಿದು ಪರಿಹಾರ ಕೇಳಲು ಹೋದಾಗ, “ಇದನ್ನೂ ಕಂಪ್ಯೂಟರಿನಲ್ಲಿ ಮಾಡಿದ್ದಲ್ಲವೆ?” ಎಂದು ಯಾರಾದರೂ ಕೇಳಿದರೆ ಅವನು ಏನು ಉತ್ತರ ಕೊಡಬೇಕು? ಚೆಂದಕ್ಕಾಗಿ ಹೇಳಿದ ಸುಳ್ಳಿನ ಸಾಲವನ್ನು ತೀರಿಸಬೇಕಾದವನು ಅವನು.

ಇನ್ನೊಂದು ಮಗ್ಗುಲಿನಿಂದಲೂ ನೋಡಿ. 1850ರ ದಶಕದಲ್ಲಿ ಪಿಗೂ, ನೀಲ್ ಎಂಬ ವೈದ್ಯರೂ ಬಿಗ್ಸ್ ಎಂಬ ಸೈನ್ಯಾಧಿಕಾರಿಯೂ ಧಾರವಾಡ ಮತ್ತು ಮೈಸೂರು ಸೀಮೆಗಳ ದೇವಾಲಯಗಳ ಛಾಯಾಚಿತ್ರ ತೆಗೆದರು. 1866ರಲ್ಲಿ ಅವು ಲಂಡನ್ನಿನಲ್ಲಿ ಗ್ರಂಥವಾಗಿ ಹೊರಬಂದುವು. ಇಂದು ವಿದ್ವಾಂಸರು ಆ ಹಾಳೆಗಳನ್ನು ತಿರುವುವುದು ಸೊಬಗಿಗಾಗಿ ಮಾತ್ರವಲ್ಲ; ಯಾವ ಕಲ್ಲು ಆಗ ಎಲ್ಲಿತ್ತು, ಯಾವ ಗಿಡ ಗೋಪುರವನ್ನು ಸೀಳುತ್ತಿತ್ತು ಎಂದು ತಿಳಿಯಲು. ಅಂದು ಕಣ್ಣಿಗೆ ಅಡ್ಡ ಬಂದ ಗಿಡವೇ ಇಂದಿನ ಚರಿತ್ರೆ. ಹರಿಹರದ ಹೊಯ್ಸಳ ಕಾಲದ ಗುಡಿಯ ಚಿತ್ರದಿಂದ ಇಂದು ನಾವು ಅಳಿಸುವ ತಂತಿ, ತುಂಗಭದ್ರೆಯ ದಡದ ಚಿತ್ರದಿಂದ ನಾವು ಒರೆಸುವ ಪ್ಲಾಸ್ಟಿಕ್ಕು, ಆಚೆ ದಡದ ಕಾರ್ಖಾನೆಯ ಚಿಮಣಿ ಇವೂ ಮುಂದಿನವರಿಗೆ ಬೇಕಾಗುತ್ತವೆ. ಹೊಳೆಯನ್ನು ಚಿತ್ರದಲ್ಲಿ ತೊಳೆದು ಸಮಾಧಾನಪಟ್ಟವನಿಗೆ ಹೊಳೆಯನ್ನೇ ತೊಳೆಯುವ ಅವಸರ ಉಳಿಯುವುದಿಲ್ಲ.

ದಾರಿ ಕಷ್ಟದ್ದೇನೂ ಅಲ್ಲ. ಪ್ರಕೃತಿ ಛಾಯಾಚಿತ್ರಗಳ ವಿಷಯದಲ್ಲಿ ಜಗತ್ತಿನ ಮೂರು ದೊಡ್ಡ ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಒಂದೇ ನಿಯಮಕ್ಕೆ ಬಂದುವು: ಅಂಚು ಕತ್ತರಿಸುವುದನ್ನು ಬಿಟ್ಟರೆ ಚಿತ್ರದ ಅಂಶಗಳನ್ನು ಸೇರಿಸುವಂತಿಲ್ಲ, ಸರಿಸುವಂತಿಲ್ಲ, ತೆಗೆಯುವಂತಿಲ್ಲ, ಧೂಳಿನ ಚುಕ್ಕೆ ಒರೆಸುವುದಕ್ಕೆ ಅಡ್ಡಿಯಿಲ್ಲ. ಹುಲಿ, ಹಕ್ಕಿಗಳಿಗೆ ಸಲ್ಲುವ ಈ ಮರ್ಯಾದೆ ಊರಿಗೂ ಹೊಲಕ್ಕೂ ಸಲ್ಲಲಿ ಎಂಬುದಷ್ಟೆ ನನ್ನ ಬಿನ್ನಹ. ಬೆಳಕು ಏರಿಸಿ, ನೆರಳು ಇಳಿಸಿ, ಓರೆಯಾದ ಕ್ಷಿತಿಜವನ್ನು ನೇರ ಮಾಡಿ. ಅದಕ್ಕೆ ಮೀರಿ ಕೈಯಾಡಿಸಬೇಕೆನಿಸಿದರೆ ಧಾರಾಳವಾಗಿ ಆಡಿಸಿ. ಊರಿನ ಹೆಸರನ್ನು ತೆಗೆದು ‘ಕಲ್ಪಿತ ಚಿತ್ರ’ ಎಂದು ಬರೆಯಿರಿ. ಪ್ರದರ್ಶನ ಏರ್ಪಡಿಸುವವರು, ಕ್ಯಾಲೆಂಡರ್ ಅಚ್ಚುಹಾಕಿಸುವವರು, ಪತ್ರಿಕೆಗಳವರು ಈ ಒಂದು ಪ್ರಶ್ನೆಯನ್ನು ಕೇಳಿಯೇ ಚಿತ್ರವನ್ನು ಒಪ್ಪಿಕೊಳ್ಳಲಿ.

ಅಂದು ಹೊರಡುವ ಮುಂಚೆ ಹುಡುಗ, ಪಾಪ, ಮುಟ್ಟದೆ ಉಳಿಸಿದ್ದ ಮೂಲಚಿತ್ರವನ್ನು ಫೋನಿನಲ್ಲಿ ತೋರಿಸಿದ. ಬಿಳಿಚಿದ ಆಕಾಶ, ಬಿರುಕುಬಿಟ್ಟ ಗದ್ದೆ, ಸ್ವಲ್ಪ ವಾಲಿದ ಕಂಬ, ತಂತಿಯ ಮೇಲೊಂದು ಕಾಜಾಣ. ಅಜ್ಜ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಯಾರ ಗದ್ದೆ, ಯಾರ ಬದು ಎಂದು ಒಂದೊಂದಾಗಿ ಹೇಳುತ್ತ ಹೋದರು. ಆ ಕಂಬವನ್ನು ಹಾಕಿಸಲು ತಮ್ಮ ತಂದೆ ಎಷ್ಟು ಸಲ ಕಚೇರಿಗೆ ಅಲೆದಿದ್ದರೆಂಬುದನ್ನೂ ಹೇಳಿದರು. ಗೋಡೆಯ ಮೇಲಿನ ಚಿತ್ರದ ಬಗ್ಗೆ ಅವರಿಗೆ ಹೇಳಲು “ಚೆಂದ ಐತಿ” ಎಂಬ ಎರಡು ಮಾತಿಗಿಂತ ಹೆಚ್ಚಿರಲಿಲ್ಲ.

ಆ ಹುಡುಗನ ಕೈಯಲ್ಲಿ ಗುಣವಿದೆ, ಕಣ್ಣಿನಲ್ಲಿ ಪ್ರೀತಿಯಿದೆ. ಅವನು ಒಳ್ಳೆಯ ಚಿತ್ರವನ್ನೇ ತೆಗೆದಿದ್ದ. ಆಮೇಲೆ ಅದನ್ನು ಕೆಡಿಸಿದ. ಮುಂದಿನ ಪ್ರದರ್ಶನದಲ್ಲಿ ಆ ಮೂಲಚಿತ್ರವನ್ನೇ ತೂಗುಹಾಕಲಿ, ಕೆಳಗೆ ಊರಿನ ಹೆಸರನ್ನು ನಿರ್ಭಯವಾಗಿ ಬರೆಯಲಿ. ಅಜ್ಜನನ್ನು ಕರೆದುಕೊಂಡು ಬರುವ ಹೊಣೆ ನನ್ನದು.