ಮರೆವಿಗೆ ಬೈಯಬೇಡಿ, ಮಾತ್ರೆ ಬಿಡಬೇಡಿ

"ಡಾಕ್ಟ್ರೇ, ಏನ್ ಹೇಳಿದ್ರೂ ಮರೀತಾರ್ರಿ. ಬೇಕಂತ್ಲೇ ಹಿಂಗ್ ಮಾಡ್ತಾರ್ರಿ" ಎಂದು ಬಂಡ್ರಿಯ ನನ್ನ ದವಾಖಾನೆಗೆ ಗಂಡನನ್ನು ಕರೆತಂದ ತಾಯಿಯೊಬ್ಬರು ದೂರಿದರು. ಹೆಸರು, ಊರು ಬೇಡ. ಆತನಿಗೆ ಹೆಚ್.ಐ.ವಿ. ಸೋಂಕಿತ್ತು. ಮೈ ಚೆನ್ನಾಗಿದೆಯೆಂದು ಮಾತ್ರೆ ಬಿಟ್ಟಿದ್ದರು.

ಓದುಗರೇ, ಹೆಚ್.ಐ.ವಿ. ಬರೀ ರಕ್ತದ ಕಾಯಿಲೆಯಲ್ಲ. ದೇಹ ಹೊಕ್ಕ ಕೆಲವೇ ವಾರಗಳಲ್ಲಿ ಅದು ಸೋಂಕಿತ ಬಿಳಿ ರಕ್ತಕಣಗಳ ಜೊತೆ ಮಿದುಳನ್ನು ಸೇರುತ್ತದೆ. ಅಲ್ಲಿ ರಕ್ತನಾಳಗಳ ಅಂಚಿನ ಮ್ಯಾಕ್ರೊಫೇಜ್ ಕೋಶಗಳಲ್ಲಿ ಮತ್ತು ಮಿದುಳಿನ ಕಾವಲುಗಾರರಾದ ಮೈಕ್ರೋಗ್ಲಿಯಾ ಕೋಶಗಳಲ್ಲಿ ಬೀಡುಬಿಡುತ್ತದೆ. ಮೈಕ್ರೋಗ್ಲಿಯಾಗಳು ವರ್ಷಗಟ್ಟಲೆ ಬದುಕುವುದರಿಂದ ವೈರಾಣುವಿಗೆ ಅವೇ ಅಡಗುತಾಣ. ವಿಚಿತ್ರವೆಂದರೆ, ಯೋಚಿಸುವ, ನೆನಪಿಡುವ ನರಕೋಶಗಳೊಳಗೆ ವೈರಾಣು ಸಾಮಾನ್ಯವಾಗಿ ನುಗ್ಗುವುದಿಲ್ಲ. ಸೋಂಕಿತ ಕಾವಲು ಕೋಶಗಳು ಸುರಿಸುವ ವಿಷವಸ್ತುಗಳಿಂದಲೇ ಅವು ಸೊರಗುತ್ತವೆ. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ಮರೆವು, ಮಂದಗತಿ, ಕೊನೆಗೆ ಬುದ್ಧಿಭ್ರಮಣೆಯೂ ಬರಬಹುದು.

ನಮ್ಮ ದೇಶದಲ್ಲಿ ಹೆಚ್ಚಾಗಿರುವುದು ವೈರಾಣುವಿನ 'ಸಿ' ಉಪವರ್ಗ. ಅದರ 'ಟ್ಯಾಟ್' ಎಂಬ ಪ್ರೋಟೀನಿನಲ್ಲಿರುವ ಸಣ್ಣ ವ್ಯತ್ಯಾಸದಿಂದ ಬಿಳಿ ರಕ್ತಕಣಗಳನ್ನು ಸೆಳೆಯುವ ಶಕ್ತಿ ಕಡಿಮೆಯೆಂದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್‌ನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ತೀವ್ರ ಬುದ್ಧಿಭ್ರಮಣೆ ಇಲ್ಲಿ ಕಡಿಮೆ ಕಂಡುಬರಲು ಇದೂ ಒಂದು ಕಾರಣವಿರಬಹುದು. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ಆದ್ದರಿಂದ, ರೋಗಲಕ್ಷಣ ಕಾಣಲಿ, ಆಮೇಲೆ ಪರೀಕ್ಷೆ ನೋಡೋಣ ಎಂಬ ನಮ್ಮ ಹಳೆಯ ಚಾಳಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ನಾಚಿಕೆಯಿಂದ ಕಾಯುವಾಗ ವೈರಾಣು ಕಾಯುವುದಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಮಾತ್ರೆ ಉಚಿತ. 2017ರಿಂದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆಯಿದೆ. ಮಾತ್ರೆ ಅಡಗಿದ ವೈರಾಣುವನ್ನು ಬೇರುಸಹಿತ ಕೀಳಲಾರದು, ಆದರೆ ತಲೆಯೆತ್ತದಂತೆ ಅದುಮಿಡುತ್ತದೆ. ಬಿಟ್ಟರೆ ಮತ್ತೆ ಎದ್ದೇಳುತ್ತದೆ.

ಮನೆಯವರೇ, ಮರೆವಿಗೆ ಬೈಯಬೇಡಿ. ದಿನವೂ ಊಟದ ಹೊತ್ತಿಗೆ ಮಾತ್ರೆ ನೆನಪಿಸಿ. ಮರೆವಿನ ಜೊತೆ ಜ್ವರ, ತಲೆನೋವು, ವಾಂತಿ ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಅದು ಕ್ಷಯ ಅಥವಾ ಶಿಲೀಂಧ್ರದಿಂದ ಬಂದ ಮಿದುಳುಪೊರೆಯ ಉರಿಯೂತವೂ ಆಗಿರಬಹುದು. ಸಂಕೋಚವಿದ್ದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಿ ಕೇಳಿ.

ಆ ತಾಯಿ ಈಗ ಗಂಡನ ತಟ್ಟೆಯ ಪಕ್ಕದಲ್ಲೇ ಮಾತ್ರೆ ಇಡುತ್ತಾರೆ. ಬೈಗುಳ ನಿಂತಿದೆ.